ನೀಲಿ ಬೆಳಕು, ಬಿಳಿ ಪಂಚೆ

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ಅವರ ಕೈಯಲ್ಲಿರುವ ಮೊಬೈಲನ್ನೇ ತೋರಿಸುತ್ತೇನೆ. ಈಗಿನ ಒಳ್ಳೆಯ ಮೊಬೈಲುಗಳ ಪರದೆಯ ಹಿಂದೆ ಬಲ್ಬು ಗಿಲ್ಬು ಇರುವುದಿಲ್ಲ. ಅಲ್ಲಿ ಬೆಳಗುವುದು ಕೂದಲಿಗಿಂತ ಎಷ್ಟೋ ತೆಳ್ಳಗೆ ಬಳಿದ ಒಂದು ಪುಡಿ. ಇಂಗಾಲ, ಸಾರಜನಕ ಎಲ್ಲ ಸೇರಿಸಿ ಮನುಷ್ಯರೇ ಕಟ್ಟಿದ ಅಣುಗಳು. ಕರೆಂಟು ಹರಿಸಿದರೆ ತಾವೇ ಬೆಳಗುತ್ತವೆ. ಅಂಥ ಅಣುಗಳನ್ನು ಕಟ್ಟುವುದು ನನ್ನ ಕೆಲಸ. ಇಷ್ಟು ಹೇಳುವಷ್ಟರಲ್ಲಿ ಕೇಳಿದವರು "ಓಹೋ, ಒಳ್ಳೆಯದು" ಎಂದು ಮಾತು ಬದಲಿಸಿರುತ್ತಾರೆ. ಗಂಟೆಗಟ್ಟಲೆ ಹೇಳಲು ನಾನು ತಯಾರು, ಕೇಳುವವರು ಸಿಗುವುದಿಲ್ಲ.

ಕೆಂಪು ಮತ್ತು ಹಸಿರು ಬೆಳಕಿನ ಅಣುಗಳು ಹೇಳಿದ ಮಾತು ಕೇಳುತ್ತವೆ. ತಕರಾರೆಲ್ಲ ನೀಲಿಯದು. ನೀಲಿ ಬೆಳಕಿಗೆ ಹೆಚ್ಚು ಶಕ್ತಿ ಬೇಕು, ಆ ಶಕ್ತಿಯನ್ನು ತಡೆದುಕೊಳ್ಳಲಾರದೆ ಅಣುವೇ ಮುರಿದು ಬೀಳುತ್ತದೆ. ಪ್ರಪಂಚದಲ್ಲಿ ಈ ಕೆಲಸ ಮಾಡುವವರೆಲ್ಲ ಒಳ್ಳೆಯ ನೀಲಿಗಾಗಿ ಒದ್ದಾಡುತ್ತಿರುತ್ತಾರೆ. ನಾನೂ ಅವರಲ್ಲೊಬ್ಬಳು, ಅದೂ ತಡವಾಗಿ ಬಂದವಳು. ಮುಲುಂಡಿನ ಒಂದು ಕಾಲೇಜಿನಲ್ಲಿ ಒಂದೇ ಪಾಠವನ್ನು ಹದಿನಾಲ್ಕು ವರ್ಷ ಹೇಳಿ ಹೇಳಿ ತಲೆ ಕೆಟ್ಟು, ಮೂವತ್ತೆಂಟನೆಯ ವಯಸ್ಸಿನಲ್ಲಿ ಸಾಂತಾಕ್ರೂಜ್ ಕಡೆಯ ಒಂದು ಲ್ಯಾಬಿಗೆ ಪಿಎಚ್‌ಡಿಗೆ ಸೇರಿದೆ. ಮುಲುಂಡಿನಿಂದ ಕುರ್ಲಾಕ್ಕೆ ಸ್ಲೋ ಲೋಕಲ್, ಅಲ್ಲಿಂದ ಬಸ್ಸು. ನನ್ನ ವಯಸ್ಸಿನವರು ಆಗಲೇ ಸಾಹೇಬರಾಗಿದ್ದರು, ನಾನು ಮತ್ತೆ ವಿದ್ಯಾರ್ಥಿನಿ. ಆ ವರ್ಷಗಳಷ್ಟು ಸುಖವಾಗಿ ನಾನು ಮೊದಲೆಂದೂ ಇರಲಿಲ್ಲ.

ನನ್ನ ಅಣುವಿನ ಉಪಾಯ ಹುಟ್ಟಿದ್ದು ಲೋಕಲ್ಲಿನಲ್ಲೇ. ಬೆಳಗುವ ಅಣುಗಳು ಒಂದಕ್ಕೊಂದು ಅಂಟಿಕೊಂಡು ನಿಂತರೆ ಬೆಳಕನ್ನು ತಮ್ಮೊಳಗೇ ತಿಂದುಹಾಕುತ್ತವೆ. ದ್ರಾವಣದಲ್ಲಿ ಝಗಝಗ ಹೊಳೆದದ್ದು ಗಾಜಿನ ಮೇಲೆ ಬಳಿದ ಕೂಡಲೇ ಮಂಕಾಗುತ್ತದೆ. ಬೆನ್ನಿಗೆ ದಪ್ಪ ಚೀಲ ಹಾಕಿಕೊಂಡು ಗಾಡಿ ಹತ್ತುವವರನ್ನು ನಾವೆಲ್ಲ ಬೈಯುತ್ತೇವೆ, ಆದರೆ ಅವರ ಹತ್ತಿರ ಯಾರೂ ಒತ್ತಿ ನಿಲ್ಲಲಾಗುವುದಿಲ್ಲ. ನಾನು ನನ್ನ ಅಣುವಿನ ಎರಡೂ ಬದಿಗೆ ಅಂಥ ದಪ್ಪ ಚೀಲ ಹೊರಿಸಿದೆ. ಹೇಳಲು ಒಂದು ವಾಕ್ಯ, ಕಟ್ಟಲು ಮೂರು ವರ್ಷ. ಕೊನೆಗೆ ಸಿಕ್ಕಿದ್ದು ಒಂದು ಚಮಚವೂ ತುಂಬದ ನಸುಹಳದಿ ಪುಡಿ.

ಪುಡಿ ಎಷ್ಟು ಒಳ್ಳೆಯದು ಎಂದು ತಿಳಿಯುವುದು ಅಳೆದಾಗ. ಪುಡಿಯನ್ನು ಕರಗಿಸಿ ಉಗುರಿಗಿಂತ ಸ್ವಲ್ಪ ದೊಡ್ಡದಾದ ಕ್ವಾರ್ಟ್ಜ್ ಗಾಜಿನ ಬಿಲ್ಲೆಯ ಮೇಲೆ ತೆಳ್ಳಗೆ ಬಳಿಯುತ್ತೇವೆ. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಅದಕ್ಕೆ ಕುಡಿಸಿ, ಕುಡಿದದ್ದರಲ್ಲಿ ಎಷ್ಟು ಪಾಲನ್ನು ನೀಲಿಯಾಗಿ ವಾಪಸು ಕೊಡುತ್ತದೆ ಎಂದು ಯಂತ್ರದಲ್ಲಿ ನೋಡುತ್ತೇವೆ. ಆ ಬಿಲ್ಲೆಗಳು ಕನ್ನಡಿಯ ಹಾಗೆ ಶುದ್ಧವಾಗಿರಬೇಕು. ಒರೆಸಲು ವಿಶೇಷ ಕಾಗದವಿದೆ, ಆದರೆ ಅದರ ಖರೀದಿಯ ಫೈಲು ಆಫೀಸಿನ ಯಾವ ಮೇಜಿನ ಮೇಲೆ ಮಲಗಿತ್ತೋ, ತಿಂಗಳುಗಟ್ಟಲೆ ಎದ್ದೇಳಲಿಲ್ಲ. ಈ ಗೋಳನ್ನು ನಾನು ಒಂದು ದಿನ ಮನೆಯಲ್ಲಿ ಊಟದ ಹೊತ್ತಿಗೆ ತೋಡಿಕೊಂಡೆ.

"ಅದಕ್ಕೆ ಎಂತ ಕಾಗದ? ನನ್ನ ಹಳೆ ಪಂಚೆ ಉಂಟಲ್ಲ," ಎಂದರು ಅಪ್ಪ.

ಅಪ್ಪ ಉಡುಪಿಯ ಕಡೆಯವರು. ಸಾಂತಾಕ್ರೂಜ್‌ನ ಒಂದು ಹೋಟೆಲಿನ ಮ್ಯಾನೇಜರಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗಲ್ಲೆಯಲ್ಲಿ, ಬಿಲ್ಲಿನ ದುಡ್ಡು ತೆಗೆದುಕೊಳ್ಳುವ ಮೇಜಿನಲ್ಲಿ, ಕೂತವರು. ಕೆಲಸದಿಂದ ಇಳಿದ ಮೇಲೂ ದಿನಾ ಬಿಳಿ ಪಂಚೆ, ಬಿಳಿ ಶರ್ಟು. ಬಿಳಿ ಎಂದರೆ ಸಾಮಾನ್ಯ ಬಿಳಿಯಲ್ಲ. ಪಂಚೆ ಒಗೆಯುವ ವಿಷಯದಲ್ಲಿ ಅವರು ಅಮ್ಮನನ್ನೂ ನಂಬುವುದಿಲ್ಲ, ಮೆಷೀನನ್ನೂ ನಂಬುವುದಿಲ್ಲ. ಬಕೆಟ್ಟಿನಲ್ಲಿ ಪೌಡರು ಕಲಸಿ ನೆನೆಹಾಕಿ, ಉಜ್ಜಿ, ಜಾಲಿಸಿ, ಕೊನೆಯ ನೀರಿಗೆ ಎರಡು ಹನಿ ನೀಲಿ ಬಿಟ್ಟು ಹಿಂಡಿ, ಬಾಲ್ಕನಿಯ ಹಗ್ಗಕ್ಕೆ ಸುಕ್ಕಿಲ್ಲದೆ ಹರವುತ್ತಾರೆ. ನಮ್ಮ ಬಿಲ್ಡಿಂಗಿನ ಎದುರಿನವರು ಅಪ್ಪನ ಪಂಚೆ ನೋಡಿ ಗಂಟೆ ಎಷ್ಟಾಯಿತು ಎಂದು ಹೇಳುತ್ತಾರೆ. ಹತ್ತಾರು ವರ್ಷ ಒಗೆತ ತಿಂದ ಆ ಬಟ್ಟೆ ಮಗುವಿನ ಕೆನ್ನೆಯಷ್ಟು ಮೆತ್ತಗಿರುತ್ತದೆ. ಗಾಜಿಗೆ ಗೀರು ಬೀಳುವ ಮಾತೇ ಇಲ್ಲ.

ಅಪ್ಪ ಮೂರು ಪಂಚೆಗಳನ್ನು ಚೌಕ ಚೌಕವಾಗಿ ಕತ್ತರಿಸಿದರು. ಅಂಚಿನ ಎಳೆಗಳನ್ನು ಒಂದೊಂದೇ ಬಿಡಿಸಿ ತೆಗೆದು, ಇನ್ನೊಮ್ಮೆ ಒಗೆದು, ಇಸ್ತ್ರಿ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಟ್ಟರು. ಆಮೇಲೆ ಸ್ಟೇಷನ್ನಿನಲ್ಲಿ ಪರಿಚಯದವರು ಸಿಕ್ಕರೆ "ಮಗಳ ಲ್ಯಾಬಿಗೆ ನಮ್ಮದೇ ಸಪ್ಲೈ" ಎಂದು ಹೇಳಿಕೊಂಡರು. ನಾನು ಆ ತುಂಡುಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಬಿಲ್ಲೆ ಒರೆಸತೊಡಗಿದೆ. ಬಿಲ್ಲೆಗಳು ಇಲ್ಲವೇ ಇಲ್ಲವೇನೋ ಎಂಬಷ್ಟು ತಿಳಿಯಾದವು. ಪುಡಿ ಬಳಿದು ಅಳೆದೆ. ಕುಡಿದ ಬೆಳಕಿನ ಮುಕ್ಕಾಲು ಪಾಲು ವಾಪಸು! ಇನ್ನೊಮ್ಮೆ ಅಳೆದೆ, ಹಾಗೇ ಬಂತು. ಆ ದಿನ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕೂತಿದ್ದೆ.

ನಮ್ಮ ಲ್ಯಾಬಿನಲ್ಲಿ ಆಗ ಹೊಸದಾಗಿ ಸೇರಿದ ಒಬ್ಬ ಹುಡುಗಿ ಇದ್ದಳು. ವಿಜಯಪುರದ ಕಡೆಯಿಂದ ಬಂದು ಮುಂಬೈಯಲ್ಲಿ ಗೌಂಡಿ ಕೆಲಸ ಮಾಡುವವರ ಮಗಳು. ಕಟ್ಟಡ ಕಟ್ಟುವ ಜಾಗಗಳಲ್ಲೂ ಚಾಳಿನ ಒಂಟಿ ಕೋಣೆಯಲ್ಲೂ ಬೆಳೆದು, ಅವರ ಮನೆಯಲ್ಲಿ ಮೊದಲ ಸಲ ಎಂಎಸ್ಸಿ ಮಾಡಿದವಳು. ಕನ್ನಡ ಬರುತ್ತಿತ್ತು, ನಡುನಡುವೆ ಹಿಂದಿ ನುಗ್ಗುತ್ತಿತ್ತು. ನನ್ನನ್ನು ಅಕ್ಕಾ ಎಂದು ಕರೆಯುತ್ತಿದ್ದಳು. ಲೇಖನ ಕಳಿಸುವ ಮೊದಲು ಇನ್ನೊಂದು ಕೈ ಅದೇ ಅಳತೆ ತೆಗೆಯಬೇಕು ಎಂಬುದು ನಮ್ಮ ಗೈಡ್ ಸರ್ ಹಾಕಿದ ನಿಯಮ. ಆ ಎರಡನೆಯ ಕೈ ಅವಳದಾಯಿತು. ಅವಳಿಗೆ ಬಂದದ್ದು ಅರ್ಧಕ್ಕಿಂತಲೂ ಕಡಿಮೆ.

"ಬಿಲ್ಲೆ ಹೇಗೆ ತೊಳೆದೆ?" ಎಂದು ಕೇಳಿದೆ.

"ಮೂರ್ ಸಲ ತೊಳದು ಗಾಳಿಗೆ ಒಣಗಿಸೀನ್ರಿ ಅಕ್ಕಾ."

"ಒರೆಸದೆ? ಹಾಗಾದರೆ ಇನ್ನೇನು ಬರುತ್ತದೆ?" ಎಂದು ನನ್ನ ಚೀಲದಿಂದ ಒಂದು ಪಂಚೆಯ ತುಂಡು ತೆಗೆದು ಅವಳ ಕೈಗಿಟ್ಟೆ. ಅಪ್ಪನ ಪಂಚೆಯ ಕಥೆಯನ್ನೂ ಹೇಳಿದೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು.

ವಾರ ಬಿಟ್ಟು ಅಳೆದಳು, ಅಷ್ಟೇ ಬಂತು. ಇನ್ನೊಂದು ವಾರ, ಮತ್ತೂ ಅಷ್ಟೇ. "ಸಚ್ ಮೇ ಅಕ್ಕಾ, ಪ್ರತಿಸಲ ಇಷ್ಟಽ ಬರಾಕತ್ತೈತ್ರಿ," ಎನ್ನುತ್ತಿದ್ದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ದಿನ ಎಲ್ಲರೂ ಚಹಾ ಕುಡಿಯುತ್ತ ನಿಂತಿದ್ದಾಗ, "ಕೆಲವರ ಕೈ ಲ್ಯಾಬಿಗೆ ಒಗ್ಗುವುದಿಲ್ಲ, ಏನು ಮಾಡುವುದು" ಎಂದುಬಿಟ್ಟೆ. ಹಿಂದಿಯಲ್ಲೂ ಹೇಳಿದೆ, ಎಲ್ಲರಿಗೂ ತಿಳಿಯಲಿ ಎಂದು. ಅವಳು ಕಪ್ಪು ತೊಳೆದಿಟ್ಟು ಒಳಗೆ ಹೋದಳು. ಆ ತಿಂಗಳ ಕೊನೆಗೆ ಬಿಟ್ಟುಹೋಗುತ್ತಾಳಂತೆ, ಯಾವುದೋ ಟ್ಯೂಷನ್ ಕ್ಲಾಸಿನಲ್ಲಿ ಕಲಿಸುತ್ತಾಳಂತೆ ಎಂಬ ಸುದ್ದಿ ಬಂತು. ಅಯ್ಯೋ ಪಾಪ ಎಂದುಕೊಂಡೆ. ಒಳಗೊಳಗೆ ನಿರಾಳವೂ ಆಯಿತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನನ್ನ ಪಿಎಚ್‌ಡಿಯ ಅವಧಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಲೇಖನ ಹೊರಗೆ ಬರದೆ ಥೀಸಿಸ್ ಕೊಡುವ ಹಾಗಿರಲಿಲ್ಲ. ನಾನು ಹಟ ಹಿಡಿದು ಗೈಡ್ ಸರ್ ಅವರನ್ನು ಒಪ್ಪಿಸಿದೆ. ಸೋಮವಾರ ಲೇಖನ ಕಳಿಸುವುದು ಎಂದು ನಿಶ್ಚಯವಾಯಿತು.

ಅದರ ಹಿಂದಿನ ಶುಕ್ರವಾರ ಅಪ್ಪನನ್ನು ಪರೇಲ್‌ನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಒಂದು ಕಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಗಿತ್ತು. ಎಲ್ಲ ಚೆನ್ನಾಗಿದೆ ಎಂದರು. ಪೊರೆ ತೆಗೆದ ಕಣ್ಣಿಗೆ ನೀಲಿ ಬಣ್ಣ ಜಾಸ್ತಿ ಗಾಢವಾಗಿ ಕಾಣುತ್ತದೆ. ಅಪ್ಪ ದಾರಿಯುದ್ದಕ್ಕೂ ಒಂದೊಂದು ಕಣ್ಣು ಮುಚ್ಚಿ ಬಸ್ಸು, ಆಕಾಶ, ಪೊಲೀಸರ ಜೀಪು ಎಲ್ಲವನ್ನೂ ಹೋಲಿಸಿ ನೋಡುತ್ತಿದ್ದರು. "ಇಷ್ಟು ನೀಲಿ ಈ ಊರಲ್ಲಿ ಉಂಟು ಅಂತ ಗೊತ್ತೇ ಇರಲಿಲ್ಲ ಮಾರಾಯ್ತಿ," ಎಂದರು. ಹಾಗಾದರೆ ನನ್ನ ನೀಲಿಯನ್ನೂ ನೋಡಿಬಿಡಿ ಎಂದು ಸೇತುವೆ ದಾಟಿ ವೆಸ್ಟರ್ನ್ ಲೈನಿನ ಗಾಡಿ ಹಿಡಿದು ಲ್ಯಾಬಿಗೆ ಕರೆದುಕೊಂಡು ಬಂದೆ.

ನಮ್ಮಲ್ಲಿ ಒಂದು ಕತ್ತಲೆ ಕೋಣೆಯಿದೆ, ಮನೆಯ ಸ್ಟೋರ್‌ರೂಮಿನಷ್ಟು ದೊಡ್ಡದು. ಅಪ್ಪನಿಗೆ ರಕ್ಷಣೆಯ ಕನ್ನಡಕ ಹಾಕಿಸಿ, ಬಾಗಿಲು ಮುಚ್ಚಿ, ನೇರಳಾತೀತ ದೀಪ ಹಾಕಿದೆ. ನನ್ನ ಪುಡಿ ಕರಗಿಸಿಟ್ಟ ಪುಟ್ಟ ಶೀಶೆ ನೀಲಿಯಾಗಿ ಬೆಳಗಿತು. ಆದರೆ ಅದನ್ನು ನೋಡುವವರು ಯಾರು? ಅದರ ಪಕ್ಕದಲ್ಲಿ ನನ್ನ ಅಪ್ಪ ಕುತ್ತಿಗೆಯಿಂದ ಪಾದದವರೆಗೆ ಟ್ಯೂಬ್‌ಲೈಟಿನ ಹಾಗೆ ಉರಿಯುತ್ತ ನಿಂತಿದ್ದರು.

"ಎಂತ ಇದು! ನನ್ನ ಪಂಚೆಯೇ ನಿನ್ನ ಔಷಧಕ್ಕಿಂತ ಜೋರು ಉಂಟಲ್ಲ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬಟ್ಟೆ ಒಗೆಯುವ ಪೌಡರಿನಲ್ಲಿ ಹೊಳಪಿಗೆಂದು ಹಾಕುವ ವಸ್ತುವೂ ನೀಲಿ ಬೆಳಕು ಕೊಡುವ ಅಣುವೇ, ಅದು ಹತ್ತಿಯ ನೂಲಿಗೆ ಹಿಡಿದು ಕೂರುತ್ತದೆ, ಅದಕ್ಕೇ ಬಿಳಿ ಬಟ್ಟೆ ಅಷ್ಟು ಬಿಳಿ ಕಾಣುವುದು ಎಂದು ನಾನು ಪಾಠ ಶುರುಮಾಡಿದೆ. ಕಾಲೇಜಿನಲ್ಲಿ ಹದಿನಾಲ್ಕು ಸಲ ಹೇಳಿದ ಪಾಠ. ಹೇಳುತ್ತಿರುವಾಗಲೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಅಪ್ಪ ಕೇಳುತ್ತಿರಲಿಲ್ಲ. ಸೋಮವಾರದ ನಂತರದ ಕೆಲಸಕ್ಕೆಂದು ನಾನು ಹಿಂದಿನ ದಿನವೇ ಒರೆಸಿ ತಟ್ಟೆಯಲ್ಲಿ ಜೋಡಿಸಿಟ್ಟಿದ್ದ ಬಿಲ್ಲೆಗಳ ಮೇಲೆ ಬಗ್ಗಿ ನೋಡುತ್ತಿದ್ದರು. ಅವುಗಳ ಮೇಲೆ ಇನ್ನೂ ಏನೂ ಬಳಿದಿರಲಿಲ್ಲ.

"ಇದನ್ನು ಒರೆಸಿದ್ದು ಯಾರು? ಬಟ್ಟೆ ಹೋದ ದಾರಿ ಹಾಗೇ ಕಾಣ್ತದೆ. ನಮ್ಮ ಹೋಟೆಲಲ್ಲಾದ್ರೆ ಇನ್ನೊಮ್ಮೆ ಒರೆಸಿಸ್ತಿದ್ದೆ."

ಮೂವತ್ತು ವರ್ಷ ಟೇಬಲ್ಲಿನ ಗಾಜು ಸರಿಯಾಗಿ ಒರೆಸಿದ್ದಾರೋ ಇಲ್ಲವೋ ಎಂದು ಗಲ್ಲೆಯಿಂದಲೇ ಓರೆಗಣ್ಣಲ್ಲಿ ನೋಡಿ ಹೇಳುತ್ತಿದ್ದವರ ಕಣ್ಣು ಅದು. ನಾನೂ ಬಗ್ಗಿ ನೋಡಿದೆ. ಪ್ರತಿಯೊಂದು ಬಿಲ್ಲೆಯ ಮೇಲೆ ಎಡದಿಂದ ಬಲಕ್ಕೆ, ನನ್ನ ಬೆರಳು ಹೋದ ಉದ್ದಕ್ಕೂ, ನವಿರಾದ ನೀಲಿ ಪಟ್ಟಿಗಳು ಬೆಳಗುತ್ತಿದ್ದವು. ನನ್ನ ಅಣು ಇನ್ನೂ ಮುಟ್ಟಿರದ ಗಾಜು ನನ್ನ ಅಣುವಿನ ಬಣ್ಣದಲ್ಲೇ ಹೊಳೆಯುತ್ತಿತ್ತು. ಪಂಚೆಯಲ್ಲಿ ಕೂತಿದ್ದ ಆ ಹೊಳಪಿನ ಅಣು ಸ್ಪಿರಿಟ್ಟಿಗೆ ಬಿಟ್ಟುಕೊಂಡು ಗಾಜಿಗೆ ಹತ್ತಿತ್ತು.

ಬರಿಯ ಗಾಜನ್ನು ಮೊದಲು ಅಳೆದು ಅದರ ಪಾಲನ್ನು ಕಳೆಯಬೇಕೆಂಬುದು ಈ ಕೆಲಸದ ಮೊದಲ ಪಾಠ. ನಾನು ಕಳೆಯುತ್ತಿದ್ದೆ, ಆದರೆ ಪಂಚೆ ಬರುವುದಕ್ಕಿಂತ ಮೊದಲು ಎಂದೋ ಒಮ್ಮೆ ಅಳೆದ ಬರಿಗಾಜನ್ನು. ಮತ್ತೆ ಮತ್ತೆ ಯಾಕೆ ಎಂಬ ಸೋಮಾರಿತನ. ಲ್ಯಾಬಿನಲ್ಲಿ ಬೇರೆ ಯಾವ ಬಟ್ಟೆಯನ್ನು ಯಾರು ತಂದಿದ್ದರೂ ನಾನು ಮೊದಲು ದೀಪದ ಕೆಳಗೆ ಹಿಡಿದು ನೋಡುತ್ತಿದ್ದೆ. ಇದನ್ನು ನೋಡಲಿಲ್ಲ, ಯಾಕೆಂದರೆ ಅದು ಬಟ್ಟೆ ಎಂದು ನನಗೆ ಅನ್ನಿಸಿರಲೇ ಇಲ್ಲ. ಅದು ಅಪ್ಪನ ಪಂಚೆ. ಅದಕ್ಕಿಂತ ಶುದ್ಧವಾದದ್ದು ನನ್ನ ಲೋಕದಲ್ಲಿ ಇರಲಿಲ್ಲ.

ಅಪ್ಪನಿಗೆ ಏನೂ ಹೇಳಲಿಲ್ಲ. ಕುರ್ಲಾದಲ್ಲಿ ಅದೃಷ್ಟಕ್ಕೆ ಇಬ್ಬರಿಗೂ ಸೀಟು ಸಿಕ್ಕಿತು. ಭಾಂಡುಪ್ ದಾಟಿದ ಮೇಲೆ ಅವರು ಕಿಟಕಿಯ ಕಡೆ ನೋಡುತ್ತಲೇ, "ನಾನು ಹಾಳು ಮಾಡಿದೆನಾ ಮಗಾ?" ಎಂದರು. ಅವರಿಗೆ ಎಲ್ಲ ಅರ್ಥವಾಗಿತ್ತು.

"ಇಲ್ಲಪ್ಪ. ನೀವು ಒಗೆದದ್ದು ಸರಿಯಾಗೇ ಇತ್ತು. ನೋಡದೆ ಒರೆಸಿದವಳು ನಾನು."

"ಆ ಹುಡುಗಿಗೆ ನೀನು ಬೈದಿದ್ದೆ ಅಲ್ವಾ?"

ಮನೆಯಲ್ಲಿ ಎಲ್ಲವನ್ನೂ ಹೇಳುವ ನನ್ನ ಚಾಳಿ ಆ ದಿನ ಮುಳುವಾಯಿತು. ಹೌದು ಎಂದೆ. ಮುಲುಂಡ್ ಬಂತು, ಇಳಿದೆವು.

ಶನಿವಾರ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋಗೋಣವೆಂದು ಹೋದರೆ ಅವಳು ಆಗಲೇ ಬಂದು ತನ್ನ ಡ್ರಾಯರು ಖಾಲಿ ಮಾಡುತ್ತಿದ್ದಳು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವಳು ನಂಬಲಿಲ್ಲ, ನನಗೆ ಅದು ಇಷ್ಟವಾಯಿತು. "ಮೊದಲ ಅಳದು ನೋಡೂಣ್ರಿ," ಎಂದಳು. ಒರೆಸಿದ ಬರಿಗಾಜು ಒಂದು, ತೊಳೆದು ಗಾಳಿಗಿಟ್ಟ ಬರಿಗಾಜು ಇನ್ನೊಂದು. ಒರೆಸಿದ್ದು ಬೆಳಗಿತು, ತೊಳೆದದ್ದು ಕಪ್ಪಗೆ ಕೂತಿತ್ತು. ಆಮೇಲೆ ತೊಳೆದ ಗಾಜಿಗೆ ನನ್ನ ಪುಡಿ ಬಳಿದು ಯಂತ್ರದೊಳಗೆ ಇಟ್ಟಳು. ಬೆಳಕೆಲ್ಲ ಪಂಚೆಯದೇ ಆಗಿದ್ದರೆ? ನನ್ನ ಮೂರು ವರ್ಷ ಒಗೆಯುವ ಪೌಡರಿನಲ್ಲಿ ಹೋಯಿತೇ? ಆ ಹತ್ತು ನಿಮಿಷ ನಾನು ಸ್ಟೂಲಿನ ಅಂಚನ್ನು ಹಿಡಿದುಕೊಂಡು ಕೂತಿದ್ದೆ.

ಅಂಕೆ ಬಂತು. ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅವಳು ಮೂರು ಸಲ ಹೇಳಿದ್ದ ಅಂಕೆಯೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನೀಲಿಗೆ ಅದೇನೂ ಕಡಿಮೆಯಲ್ಲ. ಚೀಲ ಹೊರಿಸಿದ ಉಪಾಯ ಕೆಲಸ ಮಾಡಿತ್ತು. ನನಗೆ ಅಳು ಬಂತು, ಸಮಾಧಾನದ ಅಳು.

ಮೂಗು ಒರೆಸಿಕೊಂಡ ಮೇಲೂ ಒಂದು ವಿಷಯ ಅರ್ಥವಾಗಲಿಲ್ಲ. "ನಿನಗೂ ಪಂಚೆಯ ತುಂಡು ಕೊಟ್ಟಿದ್ದೆನಲ್ಲ, ನಿನ್ನ ಅಳತೆ ಯಾಕೆ ಕೆಡಲಿಲ್ಲ?"

ಅವಳು ಡ್ರಾಯರಿನಿಂದ ಅದನ್ನು ತೆಗೆದಳು. ಅಪ್ಪ ಇಸ್ತ್ರಿ ಮಾಡಿದ ಮಡಿಕೆ ಬಿಚ್ಚಿರಲೇ ಇಲ್ಲ.

"ಅಪ್ಪಾರು ಉಟ್ಟ ಪಂಚಿ ಅಲ್ಲೇನ್ರಿ ಅಕ್ಕಾ? ಹಿರ್ಯಾರ ಅರಿವೀಲೆ ಹೆಂಗ ಒರಸ್ಲಿ? ನಿಮಗ ಹೇಳಿದ್ರ ಬೇಜಾರಾಗ್ತೀರಿ ಅಂತ ಸುಮ್ನ ಇಟಗೊಂಡೆ."

ಅಪ್ಪನ ಮಗಳು ನಾನು. ಸ್ಪಿರಿಟ್ಟಿನಲ್ಲಿ ಅದ್ದಿ ಅದರಲ್ಲಿ ಗಾಜು ಉಜ್ಜಿದವಳು ನಾನು. ನಾಚಿಕೆಯಾಯಿತು, ನಗುವೂ ಬಂತು.

ಗೈಡ್ ಸರ್ ಹನ್ನೊಂದಕ್ಕೆ ಬಂದರು. ಲ್ಯಾಬಿನವರೆಲ್ಲ ಇದ್ದಾಗಲೇ, ಹಿಂದೆ ಹೇಳಿದ ಮಾತನ್ನು ಎಷ್ಟು ಜನರ ಮುಂದೆ ಹೇಳಿದ್ದೆನೋ ಅಷ್ಟೇ ಜನರ ಮುಂದೆ ವಾಪಸು ತೆಗೆದುಕೊಂಡೆ. ಸರ್ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಎರಡೂ ಬರಿಗಾಜಿನ ಅಳತೆಗಳನ್ನು ಬಹಳ ಹೊತ್ತು ನೋಡಿ, "ಅಚ್ಛಾ ಹುವಾ, ಸೋಮವಾರಕ್ಕೆ ಮೊದಲೇ ಸಿಕ್ಕಿತು," ಎಂದರಷ್ಟೇ. ಕೋಷ್ಟಕದಲ್ಲಿ ನನ್ನ ಅಂಕೆ ಹೊಡೆದು ಅವಳ ಅಂಕೆ ಬರೆದರು. ಲೇಖನ ದೊಡ್ಡ ಪತ್ರಿಕೆಗೆ ಹೋಗಲಿಲ್ಲ, ಒಂದು ಚಿಕ್ಕ ಪತ್ರಿಕೆ ತೆಗೆದುಕೊಂಡಿತು. ಥೀಸಿಸ್ಸಿಗೆ ಅಷ್ಟು ಸಾಕಾಯಿತು.

ಆದರೆ ಆ ಶನಿವಾರದ ಕೆಲಸ ಅಲ್ಲಿಗೆ ಮುಗಿದಿರಲಿಲ್ಲ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಡಬ್ಬಿ ಬಿಚ್ಚಿ ಕೂತಾಗ, ಬಿಟ್ಟುಹೋಗುವುದು ಬೇಡ ಎಂದು ಅವಳಿಗೆ ಹೇಳಿದೆ. ಅವಳು ರೊಟ್ಟಿ ಮುರಿಯುತ್ತ ತಲೆ ತಗ್ಗಿಸಿ ಕೂತಿದ್ದಳು.

"ನನ್ನ ಕೈ ಲ್ಯಾಬಿಗೆ ಬರೂದಿಲ್ಲಂತ ಅಪ್ಪಗ ಹೇಳಿಬಿಟ್ಟೀನ್ರಿ. ಈಗ ನಾ ಹೇಳಿದ್ರ, ಸುಮ್ನ ಸಮಾಧಾನಕ್ಕ ಹೇಳ್ತಾಳ ಅಂತಾರ. ನೀವಽ ಹೇಳ್ತೀರೇನ್ರಿ?"

ಫೋನು ಹಚ್ಚಿ ಕೊಟ್ಟಳು. ಆ ಕಡೆ ಕಾಂಕ್ರೀಟು ಕಲಸುವ ಮೆಷೀನಿನ ಗಡಗಡ. ನಾನು ಯಾರೆಂದು ಹೇಳಿ, ಗಟ್ಟಿಯಾಗಿ, ಅಕ್ಕಪಕ್ಕದ ಮೇಜಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ: "ನಿಮ್ಮ ಮಗಳ ಕೈ ಸರಿಯಾಗಿತ್ತು. ಅವಳು ಅಳೆದದ್ದೇ ಸರಿ. ತಪ್ಪು ನನ್ನದು."

ಮೆಷೀನಿನ ಸದ್ದು ದೂರವಾಯಿತು, ಅವರು ಆಚೆಗೆ ಹೋಗಿ ನಿಂತಿರಬೇಕು.

"ನಮಗ ಗೊತ್ತೈತ್ರಿ ಅಕ್ಕಾರ. ಗ್ವಾಡಿ ನೆಟ್ಟಗೈತೋ ಇಲ್ಲೋ ನೋಡಾಕ ಸಣ್ಣಾಕಿ ಇದ್ದಾಗಿಂದ ನನ್ನ ತೂಗುಗುಂಡು ಹಿಡದು ನಿಲ್ಲಾಕಿ, ಆಕಿ ಕೈ ನಡಗಿದ್ದು ನಾ ನೋಡಿಲ್ಲ. ನನಗ್ಯಾಕ ಹೇಳ್ತೀರಿ? ಆಕಿಗೆ ಹೇಳ್ರಿ."

"ಹೇಳಿದೆ," ಎಂದೆ.

"ಇನ್ನೊಮ್ಮೆ ಹೇಳ್ರಿ."

ನಾನು ಫೋನನ್ನು ಕಿವಿಯಿಂದ ತೆಗೆಯದೆ ಅವಳ ಕಡೆ ತಿರುಗಿ ಇನ್ನೊಮ್ಮೆ ಹೇಳಿದೆ. ಅವಳು ಈ ಸಲ ತಲೆ ಎತ್ತಿ ಕೇಳಿಸಿಕೊಂಡಳು.